ನಿಮ್ಮ ಪ್ಯಾಶನ್ ಏನು?

ಚೆನ್ನೈನ ಪೆರುಂಗುಡಿಯ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಬರುವವರನ್ನು ಸಂದರ್ಶನ ಮಾಡುವುದು ನನ್ನ ಉದ್ಯೋಗ. ಯಾರೇ ಬಂದರೂ ‘ನಿಮ್ಮ ಪ್ಯಾಶನ್ ಏನು?’ ಎಂದು ಕೇಳಲೇಬೇಕೆಂಬುದು ಬಾಸ್‌ನ ಕಟ್ಟಪ್ಪಣೆ. ಆ ಒಂದು ಪದಕ್ಕೆ ಜನ ಎಷ್ಟೆಲ್ಲ ಅರ್ಥ ಹಚ್ಚುತ್ತಾರೆಂದು ಬಾಸ್‌ಗೇನು ಗೊತ್ತು? ಸಂಗೀತ, ಕ್ರಿಕೆಟ್ ಎಂಬ ಉತ್ತರ ಬಂದ ದಿನ ನನ್ನ ಪುಣ್ಯ. ಉಳಿದ ದಿನಗಳ ಕಥೆಯೇ ಬೇರೆ.

ದೂರು ವಿಭಾಗಕ್ಕೆ ಬಂದವರು

ಗರಿಗರಿ ಇಸ್ತ್ರಿಯ ಅಂಗಿ, ಮೆಲುದನಿ. ಪ್ಯಾಶನ್ ಏನೆಂದು ಕೇಳಿದೆ.

“ಕೋಪ, ಮೇಡಂ.”

ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ. “ಕೋಪಾನಾ?”

“ಹೌದು. ಬಂತು ಅಂದ್ರೆ ಎದುರಿಗೆ ಯಾರಿದ್ದಾರೆ ಅಂತ ನೋಡಲ್ಲ.”

“ಯಾವ ಕೆಲಸಕ್ಕೆ ಬಂದಿದ್ದೀರಿ?”

“ಗ್ರಾಹಕರನ್ನ ಸಮಾಧಾನ ಮಾಡೋ ಕೆಲಸಕ್ಕೆ.”

ರಿಸೆಪ್ಷನ್ ದಾಟಿ ಬಂದವನು

ಈ ಹುಡುಗನನ್ನು ಎಲ್ಲೋ ನೋಡಿದ ಹಾಗಿತ್ತು. ಕೇಳಿದರೆ, ಹೋದ ಸಲವೂ ಅದರ ಹಿಂದಿನ ಸಲವೂ ಬಂದಿದ್ದನಂತೆ. ನಾನೇ ಬೇಡವೆಂದಿದ್ದೆನಂತೆ.

“ಈ ಕೆಲಸದ ಮೇಲೆ ಅಷ್ಟೊಂದು ಪ್ಯಾಶನ್ನಾ?”

“ಕೆಲಸದ ಮೇಲಲ್ಲ ಮೇಡಂ. ರಿಸೆಪ್ಷನ್‌ನಲ್ಲಿ ಕೂತಿರ್ತಾರಲ್ಲ, ಅವರ ಮೇಲೆ.”

ನನ್ನ ಕೈಯ ಪೆನ್ನು ಬಿತ್ತು. ಅವನೇ ಎತ್ತಿಕೊಟ್ಟ. “ಈ ಸಲವೂ ಬೇಡ ಅನ್ನಿ, ಬೇಜಾರಿಲ್ಲ. ಇಂಟರ್‌ವ್ಯೂಗೆ ಮಾತ್ರ ಕರೀತಾ ಇರಿ.”

ನಮ್ಮನೆಗೆ ಬಂದವರು

ಹೋದ ಭಾನುವಾರ ಮೈಲಾಪೂರಿನ ನಮ್ಮ ಫ್ಲ್ಯಾಟಿಗೆ, ನನ್ನನ್ನೇ ನೋಡಲು ಗಂಡಿನ ಕಡೆಯವರು ಬಂದರು. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ಹಿಂದೆ ಬಂದ ಸಂಬಂಧಗಳೆಲ್ಲ ನನ್ನ ಪ್ರಶ್ನೆಗಳಿಗೆ ಹೆದರಿ ಓಡಿದ್ದರಿಂದ ಅಮ್ಮ ಮೊದಲೇ ಗದರಿದ್ದಳು: “ಆಫೀಸಿನ ಬುದ್ಧಿ ತೋರಿಸಬೇಡ.” ಈ ಹುಡುಗ ನೋಡಿದೊಡನೆ ಹಿಡಿಸಿಯೂಬಿಟ್ಟಿದ್ದ. ಕೆಡಿಸಿಕೊಂಡರೆ ಎಂದು ನನಗೇ ಭಯ.

ಆದರೂ ಬಾಯಿ ಕೇಳಬೇಕಲ್ಲ. “ನಿಮ್ಮ ಪ್ಯಾಶನ್?” ಎಂದೇಬಿಟ್ಟೆ.

ಉತ್ತರ ಅವನ ಅಮ್ಮನಿಂದ, ತಮಿಳು ಬೆರೆತ ಕನ್ನಡದಲ್ಲಿ ಬಂತು: “ನಮ್ಮ ಪಯ್ಯನಿಗೆ ನಾನು ಮಾಡೋ ಸಾರು ಅಂದ್ರೆ ಉಯಿರು ಮಾ, ಅಷ್ಟು ಪ್ರಾಣ.”

ಕೆಲಸ, ಊಟ, ನಿದ್ದೆ, ಎಲ್ಲಕ್ಕೂ ಅವರೇ ಉತ್ತರಿಸಿದರು. ಹುಡುಗ ಬಜ್ಜಿ ತಿನ್ನುತ್ತ ಕೂತಿದ್ದ.

ಹೊರಡುವ ಹೊತ್ತಿಗೆ ನಾನು ಎದ್ದು, ಅಭ್ಯಾಸಬಲದಿಂದ ಅವನತ್ತ ಕೈ ಚಾಚಿ ಅಂದೆ: “ಬಂದಿದ್ದಕ್ಕೆ ಥ್ಯಾಂಕ್ಸ್. ಸೆಲೆಕ್ಟ್ ಆದ್ರೆ ಮೇಲ್ ಮಾಡ್ತೀವಿ.”

ಅಮ್ಮ, ಕೊಡಲು ತಂದ ಕುಂಕುಮದ ತಟ್ಟೆಯನ್ನು ಟೇಬಲ್ ಮೇಲೆ ಇಟ್ಟುಬಿಟ್ಟಳು. ಹುಡುಗನ ಅಮ್ಮ ಆ ಕುಂಕುಮಕ್ಕಿಂತ ಕೆಂಪಗಾದರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ಆಗ ಹುಡುಗ ಮೊದಲ ಸಲ ಬಾಯಿ ತೆರೆದ.

“ಎರಡನೇ ರೌಂಡ್ ಯಾವಾಗ ಮೇಡಂ? ಅದಕ್ಕೆ ನಾನೊಬ್ಬನೇ ಬರ್ಲಾ?”