ಬೈಗುಳದ ಗುರುತುಚೀಟಿ

ಮನುಷ್ಯನಿಗೆ ಜಂಬ ಕೊಚ್ಚಿಕೊಳ್ಳಲು ಏನಾದರೊಂದು ಬೇಕೇ ಬೇಕು. ಕೆಲವರಿಗೆ ಮಕ್ಕಳ ಮಾರ್ಕು, ಕೆಲವರಿಗೆ ಹೊಸ ಕಾರು. ನನಗೆ ಅವೆರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಇಲ್ಲದ್ದರಿಂದ ನಾನು ಆಫೀಸಿನ ಕಂಪ್ಯೂಟರಿನ ಕಾವಲನ್ನು ಹಿಡಿದುಕೊಂಡೆ. ಕಂಪ್ಯೂಟರಿನ ವಿದ್ಯೆ ನನಗೆ ಅಷ್ಟಕ್ಕಷ್ಟೇ, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಕಾಯುವುದಿದೆಯಲ್ಲ, ಅದರಲ್ಲಿ ಇಡೀ ಕುವೈತಿನಲ್ಲಿ ನನ್ನನ್ನು ಮೀರಿಸುವವರಿದ್ದರೆ ಕರೆದುಕೊಂಡು ಬನ್ನಿ, ನೋಡುವ.

ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಎಸಿ ಕೂರಿಸುವ, ರಿಪೇರಿ ಮಾಡುವ ಕಂಪನಿ. ಅರವತ್ತೆರಡು ಮಂದಿ ಕೆಲಸಗಾರರ ಪಾಸ್‌ಪೋರ್ಟ್ ಕಾಪಿ, ಇಕಾಮಾ ಎಂಬ ವಾಸದ ಪರವಾನಗಿ, ಫೋಟೊ ಎಲ್ಲವೂ ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ. ಅದನ್ನು ಹೇಗೆ ಕಾಯಬೇಕೆಂದು ಕಲಿಸಿದವರು ನಮ್ಮ ಐಟಿ ವಿಭಾಗದ ಅಶ್ರಫ್ ಭಾಯಿ. ಐಟಿ ವಿಭಾಗ ಎಂದರೆ ಅವರೊಬ್ಬರೇ. ಉಪ್ಪಿನಂಗಡಿ ಕಡೆಯವರು, ನನ್ನದೇ ಪ್ರಾಯ. "ಸದಾನಂದಣ್ಣ, ಪಾಸ್‌ವರ್ಡನ್ನು ಕೀಬೋರ್ಡಿನ ಅಡಿಗೆ ಚೀಟಿ ಬರೆದು ಅಂಟಿಸಬೇಡಿ. ಚಾಯ ಕುಡಿಯಲಿಕ್ಕೆ ಎದ್ದರೂ ಸ್ಕ್ರೀನ್ ಲಾಕ್ ಮಾಡಿ. ಗುರ್ತ ಇಲ್ಲದ ಮೇಲ್ ಬಂದರೆ ಯಾರು ಅಂತ ಫೋನ್ ಮಾಡಿ ಕೇಳಿ, ಆಮೇಲೆ ಉತ್ತರ ಕೊಡಿ" ಎಂದಿದ್ದರು. ಉಳಿದವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ರಜೆಯಲ್ಲಿ ಊರಿಗೆ ಹೋಗುವಾಗ ಡ್ರಾಯರಿನ ಕೀಲಿಕೈ ಜೊತೆ ಪಾಸ್‌ವರ್ಡನ್ನೂ ಪಕ್ಕದ ಮೇಜಿನವನಿಗೆ ಕೊಟ್ಟು ಹೋಗುವುದು ನಮ್ಮಲ್ಲಿ ಸ್ನೇಹದ ಲಕ್ಷಣ. ನಾನು ಕೊಡಲಿಲ್ಲ. ಎರಡು ತಿಂಗಳು ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದ. ಬಿಡಲಿ! ಸ್ಕ್ರೀನ್ ಲಾಕ್ ಅಭ್ಯಾಸವಂತೂ ಎಷ್ಟು ಮೈಗೂಡಿತೆಂದರೆ, ಹವಲ್ಲಿಯ ಮನೆಯಲ್ಲಿ ಊಟ ಮುಗಿಸಿ ಏಳುವಾಗಲೂ ನನ್ನ ಬೆರಳು ಮೇಜನ್ನು ಕುಟ್ಟುತ್ತಿತ್ತು. "ತಟ್ಟೆಯನ್ನು ಲಾಕ್ ಮಾಡಿದ್ದು ಸಾಕು, ತೊಳೆಯಲಿಕ್ಕೆ ಹಾಕಿ" ಎನ್ನುತ್ತಿದ್ದಳು ಹೆಂಡತಿ ಶೋಭಾ. ಮಗಳು ತಲೆಯೆತ್ತದೆ "ಪಪ್ಪಾ ಈಸ್ ಸೋ ವಿಯರ್ಡ್" ಎನ್ನುತ್ತಿದ್ದಳು. ಮನೆಯವರಿಗೆ ನಮ್ಮ ಬೆಲೆ ಯಾವಾಗ ಗೊತ್ತಾಗಿದೆ ಹೇಳಿ?

ಹೀಗಿರುವಾಗ ಒಂದು ಬೆಳಗ್ಗೆ ಆ ಮೇಲ್ ಬಂತು. ನಮ್ಮ ಬಾಸ್ ಅಬೂ ಫಹದ್ ಆಗ ವಿದೇಶಕ್ಕೆ ಹೋಗಿದ್ದರು. ಬಾಸೂ ಅವರೇ, ನಮ್ಮ ವೀಸಾದ ಜವಾಬ್ದಾರಿ ಹೊತ್ತ ಕಫೀಲೂ ಅವರೇ. ಮೇಲಿನಲ್ಲಿ ಇದ್ದದ್ದು ಇಷ್ಟೇ: 'ಅರವತ್ತೆರಡು ಜನರ ಪಾಸ್‌ಪೋರ್ಟ್ ಕಾಪಿ ಕೂಡಲೇ ಕಳಿಸು. ಹೊಸ ಸೈಟಿನ ಗೇಟ್ ಪಾಸಿಗೆ ಬೇಕು. ಮಧ್ಯಾಹ್ನ ಎರಡು ಗಂಟೆಯೇ ಕಡೆ.' ಹೆಸರು ಬಾಸಿನದ್ದೇ. ಆದರೆ ಮೇಲ್ ವಿಳಾಸ ಕಂಪನಿಯದಲ್ಲ, ಯಾರು ಬೇಕಾದರೂ ಪುಕ್ಕಟೆ ಮಾಡಿಕೊಳ್ಳಬಹುದಾದಂಥದ್ದು. ಬಾಸಿಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ನನ್ನ ಸಂಕಟ ನಿಮಗೆ ಅರ್ಥವಾಗಬೇಕಾದರೆ ಇನ್ನೊಂದು ಮಾತು ಹೇಳಬೇಕು. ನನ್ನ ಇಕಾಮಾ ಮುಗಿಯಲು ಹನ್ನೊಂದೇ ದಿನ ಉಳಿದಿತ್ತು. ನವೀಕರಣದ ಕಾಗದ ಬಾಸಿನ ಸಹಿಗಾಗಿ ಅವರ ಮೇಜಿನ ಮೇಲೆ ಕೂತಿತ್ತು. ನನ್ನದು ನಿಂತರೆ ಹೆಂಡತಿ, ಮಗಳದ್ದೂ ನಿಂತ ಹಾಗೆಯೇ. ಮೇಲ್ ನಿಜವಾಗಿದ್ದು ನಾನು ಕಳಿಸದಿದ್ದರೆ ಮೂರು ಜನ ಪೆಟ್ಟಿಗೆ ಕಟ್ಟಬೇಕು. ಸುಳ್ಳಾಗಿದ್ದು ಕಳಿಸಿಬಿಟ್ಟರೆ ಅರವತ್ತೆರಡು ಬಡಪಾಯಿಗಳ ಪಾಸ್‌ಪೋರ್ಟ್ ಯಾವ ಕಳ್ಳನ ಕೈಯಲ್ಲೋ!

ಮೇಲ್ ಬಂದ ಸುದ್ದಿ ಕೇಳಿ, ಈಜಿಪ್ಟಿನವರಾದ ನಮ್ಮ ಮ್ಯಾನೇಜರ್ ಬಂದು ನಿಂತರು. "ಯಲ್ಲಾ ಸದಾನಂದ್, ಕಳಿಸು. ಬಾಸ್ ಹೇಳಿದ ಮೇಲೆ ನಿನ್ನದೆಂತ?" ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಗದರಿದರು. ನಾನು "ಬಾಸ್ ಹೇಳಿದ್ದು ಅಂತ ಗೊತ್ತಾಗಲಿ ಸರ್" ಎಂದೆ. ಹನ್ನೊಂದಾಯಿತು, ಹನ್ನೆರಡಾಯಿತು. ಮ್ಯಾನೇಜರ್ ನಾಲ್ಕು ಸಲ ಬಂದರು, ನಾನು ನಾಲ್ಕೂ ಸಲ ಸ್ಕ್ರೀನ್ ಲಾಕ್ ಮಾಡಿ ಕೈಕಟ್ಟಿ ಕೂತೆ. ಒಳಗೆ ಮಾತ್ರ ಊರಿನ ದೈವಗಳನ್ನೆಲ್ಲ ಕರೆಯುತ್ತಿದ್ದೆ. ಹರಕೆ ಎಷ್ಟು ಹೊತ್ತೆನೆಂಬ ಲೆಕ್ಕ ನನಗೇ ಇಲ್ಲ.

ಒಂದೂವರೆಗೆ ನನ್ನ ಫೋನ್ ಹೊಡೆದುಕೊಂಡಿತು. ವಿದೇಶದ ನಂಬರು, ಗರಗರ ಲೈನು. "ಕಾಪಿ ಎಲ್ಲಿ?" ಎಂದಿತು ಒಂದು ದನಿ. ಬಾಸಿನದ್ದಿರಬಹುದು, ಇಲ್ಲದೆಯೂ ಇರಬಹುದು. ನಾನು ಕೇಳಿಯೇಬಿಟ್ಟೆ: "ಸರ್, ನೀವೇ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಆ ಕಡೆಯಿಂದ ಸಿಡಿಯಿತು ನೋಡಿ! "ಯಾ ಸದಾನಂದ್! ತುಮ್ಹಾರಾ ದಿಮಾಗ್ ಮೇ ಗ್ಯಾಸ್ ಖಲಾಸ್!"

ಅಬ್ಬಾ, ಕಿವಿಗೆ ಎಷ್ಟು ಹಿತವಾಗಿತ್ತು ಗೊತ್ತೇ? ನಿನ್ನ ಮಿದುಳಿನಲ್ಲಿ ಗ್ಯಾಸ್ ಮುಗಿದಿದೆ ಎಂದು, ಕೆಟ್ಟ ಎಸಿಗೆ ಹೇಳುವ ಹಾಗೆ, ಬಾಸ್ ನನ್ನನ್ನು ವಾರಕ್ಕೆ ಮೂರು ಸಲವಾದರೂ ಬೈಯುತ್ತಿದ್ದರು. ಅದೇ 'ಖಲಾಸ್', ಅದೇ ಕೊನೆಯಲ್ಲಿನ ಉಗುಳು ನುಂಗುವ ಸದ್ದು. ಲೋಕದ ಯಾವ ಕಳ್ಳನಿಗೂ ಹಾಗೆ ಬೈಯಲಿಕ್ಕೆ ಬಾರದು. "ನೀವೇ ಸರ್, ನೀವೇ!" ಎಂದು ಕುಣಿದಾಡಿ ಎರಡೇ ನಿಮಿಷದಲ್ಲಿ ಕಾಪಿಗಳನ್ನು ಕಳಿಸಿದೆ.

ಬಾಸ್ ಮರಳಿ ಬಂದ ದಿನ ಕರೆ ಬಂತು. ಒಳಗೆ ಹೋದೆ. ಎದುರಿಗೆ ನನ್ನ ಇಕಾಮಾ ಕಾಗದ. ಅವರು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, ಸಹಿ ಹಾಕಿ, ಮ್ಯಾನೇಜರಿಗೆ ಹೇಳಿದರು: "ನನಗೇ ನನ್ನ ಕಾಗದ ಕೊಡದವನು ಕಳ್ಳನಿಗೆ ಕೊಡುತ್ತಾನೆಯೇ? ಎಲ್ಲರೂ ಇವನ ಹಾಗೆ ಇರಿ." ನನ್ನ ಕಣ್ಣಲ್ಲಿ ನೀರೇ ಬಂತು ಮಾರಾಯ್ರೆ.

ಸುದ್ದಿ ಹಬ್ಬಿತು. ನಮ್ಮ ಕರಾವಳಿಯವರ ಸಂಘದ ಶುಕ್ರವಾರದ ಸಭೆಯಲ್ಲಿ ನನಗೆ ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು. ಮೈಕು ಸಿಕ್ಕಿದ ಮೇಲೆ ಕೇಳಬೇಕೇ? ಕಥೆಯನ್ನು ಬಾಸಿನ ದನಿಯಲ್ಲೇ, ಉಗುಳು ನುಂಗುವ ಸದ್ದಿನ ಸಮೇತ ಅಭಿನಯಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಇನ್ನೂ ಮೂರು ಸಲ ಮಾಡಿದೆ. ಶೋಭಾಳ ಮುಖದಲ್ಲೂ ಆ ದಿನ ಹೆಮ್ಮೆ ಕಂಡೆ.

ಮುಂದಿನ ವಾರ ಬಾಸ್ ಮತ್ತೆ ಪ್ರಯಾಣದಲ್ಲಿದ್ದರು. ಗುರ್ತ ಇಲ್ಲದ ನಂಬರಿನಿಂದ ಫೋನು, ಅದೇ ಗರಗರ. "ಯಾ ಸದಾನಂದ್! ತುಮ್ಹಾರಾ ದಿಮಾಗ್ ಮೇ ಗ್ಯಾಸ್ ಖಲಾಸ್! ಹೊಸ ಮೇಲಿಗೆ ಎಲ್ಲ ಪಾಸ್‌ಪೋರ್ಟ್ ಕಳಿಸು, ಫೌರನ್!" ನಾನು "ಹಾಜರ್ ಸರ್" ಎಂದವನೇ ವಿಳಾಸ ಬರೆದುಕೊಂಡು ಅರವತ್ತೆರಡನ್ನೂ ಕಳಿಸಿ, ಕುರ್ಚಿಗೆ ಒರಗಿ ಮೀಸೆ ಸವರಿಕೊಂಡೆ. ಐದು ನಿಮಿಷಕ್ಕೆ ಅಶ್ರಫ್ ಭಾಯಿ ಬಂದು ನನ್ನ ಮೇಜಿನ ಮೇಲೆ ಚಾಯದ ಲೋಟ ಇಟ್ಟರು.

"ಸದಾನಂದಣ್ಣ, ಕಾಪಿ ಬಂತು. ಎಲ್ಲ ಬಹಳ ಕ್ಲಿಯರ್ ಉಂಟು."

"ಬಾಸನ್ನು ಗುರುತಿಸಲಿಕ್ಕೆ ನಿಮಗೆ ಆ ಬೈಗುಳ ಒಂದೇ ಗುರುತುಚೀಟಿ ಆಗಿತ್ತು" ಎಂದರು ಅವರು ಮೆಲ್ಲಗೆ. "ಅದನ್ನು ಇನ್ನೂರು ಜನರಿಗೆ ಮೈಕಿನಲ್ಲಿ ಹಂಚಿದಿರಿ. ಈಗ ಫೋನ್ ಮಾಡಿದ್ದು ನಾನಾದ್ದರಿಂದ ಬಚಾವು. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಕಥೆಯನ್ನು ನೀವೂ ಇನ್ನು ಎಲ್ಲಿಯೂ ಹೇಳಬಾರದು."

ಒಪ್ಪಿದೆ. ಎರಡು ವರ್ಷದಿಂದ ಬಾಯಿ ಬಿಗಿಹಿಡಿದುಕೊಂಡು ಬದುಕಿದ್ದೇನೆ. ಪಾಸ್‌ವರ್ಡನ್ನು ಬಚ್ಚಿಡುವುದು ಸುಲಭ ಮಾರಾಯ್ರೆ. ನಾನು ಮಾಡಿದ ಸಾಹಸವನ್ನು ನಾನೇ ಬಚ್ಚಿಡುವುದಿದೆಯಲ್ಲ, ಅದು ಜೀವ ಹೋಗುವ ಕೆಲಸ. ಇವತ್ತು ತಡೆಯಲಾಗದೆ ನಿಮ್ಮ ಹತ್ತಿರ ಹೇಳಿಬಿಟ್ಟೆ. ದಮ್ಮಯ್ಯ, ಅಶ್ರಫ್ ಭಾಯಿಗೆ ಹೇಳಬೇಡಿ.