ಕಾರಿನಲ್ಲಿ ಕುಳಿತ ತಾತ

ವಿಘ್ನವನ್ನು ಕೊಟ್ಟು, ಪಾರಾಗುವ ದಾರಿಯನ್ನೂ ಕೊಡುವ ಗಣಪತಿಗೆ ಮೊದಲು ಕೃತಜ್ಞತೆಯ ನಮಸ್ಕಾರ. ಎರಡನೆಯ ನಮಸ್ಕಾರ ನಮ್ಮ ತಾತನವರಿಗೆ. ಅವರಲ್ಲಿ ಕ್ಷಮೆಯನ್ನೂ ಕೇಳಬೇಕಾಗಿದೆ. ಕಾರಣ ಮುಂದೆ ತಿಳಿಯುತ್ತದೆ.

ಮದರಾಸು ಚೆನ್ನೈ ಎಂದು ಹೆಸರು ಬದಲಿಸಿಕೊಂಡು ಕೆಲವೇ ವರ್ಷಗಳಾಗಿದ್ದ ಕಾಲ. ಅಣ್ಣಾ ನಗರ್‌ನ ನಮ್ಮ ಮನೆಯ ದೇವರ ಕೋಣೆಯ ಪಕ್ಕದಲ್ಲಿ ಅಂಗೈಯಗಲದ ಹಳೆಯ ಫೋಟೋ ಇತ್ತು. ನಮ್ಮೂರಿನ ದಸರಾ ಮೆರವಣಿಗೆ. ನಡುವೆ ಮೇಲ್ಛಾವಣಿಯಿಲ್ಲದ ಕಾರು. ಅದರಲ್ಲಿ ಪೇಟ ಧರಿಸಿ ಕುಳಿತ ಗಂಭೀರ ಪುರುಷ. ಸುತ್ತಲಿನ ಜನರೆಲ್ಲ ಎಳ್ಳಿನಷ್ಟು. "ಇದರಲ್ಲಿ ನಿನ್ನ ತಾತ ಇದ್ದಾರೆ" ಎಂದಷ್ಟೇ ತಂದೆಯವರು ಹೇಳಿದ್ದರು. ಎಲ್ಲಿ ಎಂದು ಕೇಳುವ ಅಗತ್ಯ ನನಗೆ ಕಂಡಿರಲಿಲ್ಲ. ಪ್ರತಿ ಶ್ರಾದ್ಧದಂದು ಗಾಜಿನ ಮೇಲೆ ಪೇಟದವರ ಹಣೆಗೆ ಸರಿಯಾಗಿ ಗಂಧವಿಟ್ಟು ಕೈಮುಗಿಯುತ್ತಿದ್ದೆ. ಒರೆಸುವುದು ಅಪಚಾರವೆಂದು ಬಿಟ್ಟ ಗಂಧ ಬೆಳೆದು ಮುಖವನ್ನೇ ಮುಚ್ಚಿತ್ತು. ಭಕ್ತಿಗೆ ಮುಖವೇಕೆ!

ಮಗಳು ಸುಮನಾಳ ಮದುವೆ ನಿಶ್ಚಯವಾಯಿತು. ಕ್ರೋಂಪೇಟೆಯ ಬೀಗರು ಮೂರು ತಲೆಮಾರಿನಿಂದ ಇಲ್ಲಿಯವರು. ಇಲ್ಲಿಯ ಪದ್ಧತಿಯಂತೆ ಮದುವೆಯ ಹಿಂದಿನ ಸಂಜೆ ವರನನ್ನು ತೆರೆದ ಕಾರಿನಲ್ಲಿ ಮೆರೆಸುವ ಜಾನವಾಸ ಆಗಬೇಕೆಂದರು. ನಾನು ಫೋಟೋ ತೋರಿಸಿ, ನಮ್ಮ ವಂಶಕ್ಕೆ ಕಾರು ಹೊಸದಲ್ಲವೆಂದೂ, ಅಂಥದೇ ಕಾರಿನಲ್ಲಿ ಅಳಿಯನನ್ನು ಮೆರೆಸುವೆನೆಂದೂ ವಾಗ್ದಾನ ಮಾಡಿದೆ. ಅಷ್ಟಕ್ಕೇ ನಿಲ್ಲದೆ, ಫೋಟೋವನ್ನು ಆಳೆತ್ತರ ದೊಡ್ಡದು ಮಾಡಿಸಿ ಛತ್ರದ ಬಾಗಿಲಲ್ಲಿ ನಿಲ್ಲಿಸಲು ಸ್ಟುಡಿಯೋಗೆ ಕೊಟ್ಟೆ.

"ರೀ, ಓಡೋ ಕಾರು ತನ್ನಿ. ಫೋಟೋದಲ್ಲಿರೋದು ನಿಂತಿರೋ ಕಾರು" ಎಂದಳು ಪತ್ನಿ ಲಲಿತ. ಪಾಪ, ಇವಳಿಗೆ ಇತಿಹಾಸಪ್ರಜ್ಞೆ ಸಾಲದು ಎಂದುಕೊಂಡೆ.

ಪೋರೂರಿನಲ್ಲಿ ಅಂಥ ಕಾರು ಸಿಕ್ಕಿತು. ಮಲ್ಲಿಗೆಯ ಅಲಂಕಾರ, ಮುಂದೆ ನಾಗಸ್ವರ, ಒಳಗೆ ಸೂಟು ಧರಿಸಿದ ಅಳಿಯ. ದೇವಸ್ಥಾನದಿಂದ ಹೊರಟ ಕಾರು ಅರ್ಧ ದಾರಿಯಲ್ಲಿ ಒಮ್ಮೆ ಕೆಮ್ಮಿ ಮೌನವ್ರತ ಹಿಡಿಯಿತು. ದೃಷ್ಟಿಯಾಗಿದೆಯೆಂದು ನಾನು ತೆಂಗಿನಕಾಯಿ ನಿವಾಳಿಸಿ, ತೆರೆದ ಬಾನೆಟ್ಟಿನ ಅಂಚಿಗೇ ಒಡೆದೆ. ಕಾಯಿಯ ನೀರು ನೇರವಾಗಿ ಎಂಜಿನ್ನಿಗೆ ಅಭಿಷೇಕವಾಯಿತು. ಚಾಲಕ ಕೈಚೆಲ್ಲಿದ.

ಲಗ್ನಪತ್ರಿಕೆ ಓದುವ ಶುಭವೇಳೆ ಮೀರುತ್ತಿತ್ತು. ವರ ಇಳಿದು ನಡೆದರೆ ಅಪಶಕುನವೆಂದು ಬೀಗರ ಕಡೆಯ ಹಿರಿಯರು ಪಿಸುಗುಟ್ಟಿದರು. ಮಗಳು ಹೊಸ ಮನೆಯ ಹೊಸ್ತಿಲು ತುಳಿಯುವ ಮೊದಲೇ ಮಾತು ಕೇಳಬೇಕಾದೀತೆಂದು ಹೆದರಿದೆ. ಉತ್ತರೀಯವನ್ನು ಸೊಂಟಕ್ಕೆ ಬಿಗಿದು ಕಾರಿಗೆ ಭುಜ ಕೊಟ್ಟೆ. ಬೀಗರೂ ಬಂದು ಪಕ್ಕದಲ್ಲಿ ಭುಜ ಕೊಟ್ಟರು. ನಾಗಸ್ವರದವರು ನಮ್ಮ ಏದುಸಿರಿಗೆ ಲಯ ಹೊಂದಿಸಿಕೊಂಡರು. ಫೋಟೋಗ್ರಾಫರ್ ಯಾವುದನ್ನೂ ಬಿಡಲಿಲ್ಲ.

ವೇಳೆಯೊಳಗೆ ಛತ್ರ ಮುಟ್ಟಿದೆವು. ಬಾಗಿಲಲ್ಲಿ ದೊಡ್ಡ ಫೋಟೋ ನಿಂತಿತ್ತು. ಗಾಜು ತೆಗೆದು ಪ್ರತಿ ಮಾಡಿದ್ದರಿಂದ ಗಂಧ ಮಾಯವಾಗಿತ್ತು. ಪೇಟದವರ ಮುಖದಲ್ಲಿ ನಮ್ಮ ವಂಶದ ಛಾಯೆಯೇ ಇಲ್ಲ, ಯಾರೋ ಅಪರಿಚಿತರು! ಕಾರಿನ ಹಿಂದೆ, ಉತ್ತರೀಯ ಸೊಂಟಕ್ಕೆ ಬಿಗಿದು ಒಬ್ಬರು ತಳ್ಳುತ್ತಿದ್ದರು. ನನ್ನದೇ ಮೂಗು. ನನ್ನದೇ ಮೊರದಂಥ ಕಿವಿ.

ಲಲಿತ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ರೀ, ಇಷ್ಟು ವರ್ಷ ನಾವು ಗಂಧ ಇಟ್ಟಿದ್ದು ಯಾರಿಗೆ?"

ಬೀಗರು ಬೆವರೊರೆಸಿಕೊಳ್ಳುತ್ತ ನನ್ನ ಭುಜ ತಟ್ಟಿದರು. "ಪರವಾಯಿಲ್ಲ ಸಂಬಂಧಿ. ತಳ್ಳೋ ವಂಶದ ಹೆಣ್ಣು ತರ್ತಿದೀವಲ್ಲ, ಸಂಸಾರ ನಡುದಾರೀಲಿ ನಿಲ್ಲಲ್ಲ."

ಗಂಧ ಈಗ ಕಾರಿನ ಹಿಂದಕ್ಕೆ ಸರಿದಿದೆ. ಇಷ್ಟು ವರ್ಷ ಅದನ್ನು ಗಾಂಭೀರ್ಯದಿಂದ ಸ್ವೀಕರಿಸಿದ ಪೇಟದ ಮಹನೀಯರಿಗೆ, ಚಾಲಕನಿಗೆ, ನಾಗಸ್ವರದವರಿಗೆ, ಬೀಗರ ಭುಜಕ್ಕೆ ಮಂಗಳವಾಗಲಿ. ಮುಂದೊಂದು ದಿನ ಜಾನವಾಸದ ಫೋಟೋಗೆ ಗಂಧವಿಡುವ ಮೊಮ್ಮಕ್ಕಳಿಗೂ ಮಂಗಳವಾಗಲಿ. ಅವರು ತಾತನನ್ನು ಕಾರಿನೊಳಗೆ ಮಾತ್ರ ಹುಡುಕದಿರಲಿ!