ನಾಲ್ಕೂ ಮನೆ ಪಾಸಾಗೋ ತನಕ

ಕರೆಂಟಿನ ವಿಷಯದಲ್ಲಿ ನಮ್ಮ ಸಾಲುಮನೆಯವರು ನಗಿಸದೆ ಬಿಟ್ಟ ವರ್ಷ ಇಲ್ಲ. ಆದ್ರೆ ನಾನು ಹಿಟ್ಟಿನ ಮಿಷನ್ ಹಾಕ್ತೀನಿ ಅಂತ ಹೊರಟ ವರ್ಷ ಇದೆಯಲ್ಲ, ಆವಾಗ ಎಲ್ಲರ ಬಂಡವಾಳನೂ ಒಟ್ಟಿಗೇ ಹೊರಗೆ ಬಂತು.

ಕೊಪ್ಪದಲ್ಲಿ ನಮ್ಮದು ಒಂದೇ ಮಾಡಿನ ಕೆಳಗೆ ನಾಲ್ಕು ಮನೆ. ಮೊದಲು ಒಬ್ಬರದೇ ಉದ್ದನೆ ಮನೆ ಆಗಿತ್ತಂತೆ, ಆಮೇಲೆ ನಡುವೆ ಗೋಡೆ ಹಾಕಿದ್ದು. ಮೀಟರ್ ನಾಲ್ಕು, ಕಂಬದಿಂದ ಬರೋ ವಯರ್ ಒಂದೇ. ಮಿಷನ್ನಿಗೆ ಹೆಚ್ಚು ಕರೆಂಟ್ ಬೇಕು ಅಂತ ಆಫೀಸಿಗೆ ಹೋದ್ರೆ, ನಿಮ್ಮ ವಯರಿಂಗ್ ಅಜ್ಜನ ಕಾಲದ್ದು, ನಾಲ್ಕೂ ಮನೆ ಈಗಿನ ರೂಲ್ಸಿಗೆ ಸರಿ ಉಂಟು ಅಂತ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂದ್ರು. ಒಂದು ಮನೆ ಫೇಲಾದ್ರೂ ನನಗೆ ಮಿಷನ್ ಇಲ್ಲ. ನಾನು ಐದನೇ ಕ್ಲಾಸಲ್ಲೇ ಸ್ಲೇಟು ಕೆಳಗಿಟ್ಟವಳು, ಪರೀಕ್ಷೆ ಅಂದ್ರೆ ನನಗೆ ಆಗಿ ಬರೋದಿಲ್ಲ. ಆದ್ರೂ ಈ ಸಲ ಪಾಸ್ ಮಾಡಿಸದೆ ಬಿಡೋದಿಲ್ಲ ಅಂತ ಸೆರಗು ಸಿಕ್ಕಿಸಿದೆ. ಕಾಯಿನ್ ಬೂತಿಂದ ಫೋನ್ ಹೊಡೆದು, ಎನ್.ಆರ್.ಪುರದಿಂದ ಟೆಸ್ಟ್ ಮಾಡೋನನ್ನ ಕರೆಸಿದೆ.

ಸುಡದ ಫ್ಯೂಸು

ಮೊದಲನೇ ಮನೇಲಿ ಒಬ್ಬರು ರಿಟೈರಾದ ಬಸ್ ಕಂಡಕ್ಟರು. ಪಕ್ಕದ ಎರಡನೇ ಮನೆ ಫ್ಯೂಸು ಸುಟ್ಟಾಗೆಲ್ಲ ಹೊರಗೆ ಬಂದು ನಿಂತು, ನಮ್ಮಲ್ಲಿ ಫ್ಯೂಸ್ ಅಂತ ಸುಟ್ಟದ್ದೇ ಇಲ್ಲ, ಕೈಗುಣ ಬೇಕು ಅಂತಿದ್ರು. ಟೆಸ್ಟಿನವನಿಗೂ ಅದೇ ಪುರಾಣ ಹೇಳಿದ್ರು. ಅವನು ಹೋಗಿ ಫ್ಯೂಸ್ ಎಳೆದ. ಒಳಗೆ ಕೂದಲಿನಷ್ಟು ತೆಳು ತಂತಿ ಇರಬೇಕಾದಲ್ಲಿ ಬಕೆಟ್ಟಿನ ಕಬ್ಬಿಣದ ಹಿಡಿ ಕತ್ತರಿಸಿ ಸಿಕ್ಕಿಸಿತ್ತು.

"ಗಟ್ಟಿ ಉಂಟಲ್ಲ?" ಅಂದ್ರು ಕಂಡಕ್ಟರು.

"ಇದು ಸುಡೋದಿಲ್ಲ, ಖಂಡಿತ," ಅಂದ ಅವನು. "ಮನೆ ಪೂರಾ ಸುಟ್ಟ ಮೇಲೆ ಬೂದಿಯಲ್ಲಿ ಹುಡುಕಿ, ಹೀಗೇ ಸಿಗ್ತದೆ."

ಸ್ವಿಚ್ಚಿನ ಕೆಳಗಿನ ಮಣೆ

ಬೇರೆಯವರದ್ದು ಹೇಳಿ ನಮ್ಮದು ಬಿಟ್ರೆ ಆಗ್ತದಾ? ನಮ್ಮದು ಮೂರನೇ ಮನೆ. ಟೆಸ್ಟಿನವನ ಹತ್ರ ಹಿಡಿ ತಿರುಗಿಸೋ ಒಂದು ಪೆಟ್ಟಿಗೆ. ಅದನ್ನ ನೋಡಿದ್ದೇ ನಮ್ಮತ್ತೆ, ಕಾಫಿಬೀಜ ಒಳಗಿಂದ ತರ್ಲಾ ಅಂತ ಕೇಳಿದ್ರು. ಅವನು, ಇದರಲ್ಲಿ ಕರೆಂಟ್ ಎಲ್ಲಿ ಸೋರ್ತದೆ ಅಂತ ಗೊತ್ತಾಗ್ತದಮ್ಮ ಅಂದ. ಹಾಗೇ ಗೋಡೆ ಕಡೆ ತಿರುಗಿದವನು, ಫ್ಯಾನಿನ ಸ್ವಿಚ್ಚಿನ ಕೆಳಗೆ ಊಟದ ಮಣೆ ಯಾಕೆ ಇಟ್ಟಿದ್ದೀರಿ ಅಂದ. ಅತ್ತೆ, ಅದರ ಮೇಲೆ ನಿಂತೇ ಸ್ವಿಚ್ ಹಾಕ್ಬೇಕು, ನೆಲದ ಮೇಲೆ ನಿಂತ್ರೆ ಹೊಡೀತದೆ ಅಂದ್ರು. ನಾನು ಮದುವೆಯಾಗಿ ಬಂದಾಗ ದೇವರಿಗೆ ನಮಸ್ಕಾರ ಮಾಡಿಸೋಕ್ಕಿಂತ ಮೊದಲು ನನಗೆ ಕಲಿಸಿದ್ದೇ ಅದು. ಅತ್ತೆಗೆ ಅವರತ್ತೆ ಕಲಿಸಿದ್ದಂತೆ.

"ಇಷ್ಟು ವರ್ಷ ಹೊಡೀತಾ ಇತ್ತು, ಒಮ್ಮೆನೂ ಸರಿ ಮಾಡಿಸ್ಲಿಲ್ವಾ?" ಅಂದ ಅವನು.

ಅತ್ತೆಗೆ ಆಶ್ಚರ್ಯ. "ಯಾಕೆ ಮಾಡಿಸೋದು ಮಾರಾಯ? ಮಣೆ ಇತ್ತಲ್ಲ."

ನಮ್ಮದೂ ಫೇಲು. ಅವತ್ತೇ ಕಂಡಕ್ಟರ ಫ್ಯೂಸು, ನಮ್ಮ ಸ್ವಿಚ್ಚಿನ ವಯರ್ ಎರಡೂ ಬದಲು ಮಾಡಿಸಿದೆ. ಮಣೆ ಮಾತ್ರ ಅಲ್ಲೇ ಇದೆ, ಅತ್ತೆ ತೆಗೆಯೋಕೆ ಬಿಡೋದಿಲ್ಲ.

ಗುಂಡಿಯ ಉಪ್ಪು

ಎಲ್ಲ ಮನೆಗೂ ಸೇರಿ ಒಂದು ಅರ್ತಿಂಗ್ ಗುಂಡಿ ಬೇಕು, ಸೋರಿದ ಕರೆಂಟ್ ಮನುಷ್ಯರ ಮೈಗೆ ಬರದೆ ಅದರಲ್ಲಿ ಇಳೀಬೇಕು ಅಂದ. ಎರಡನೇ ಮನೆ ಹಿತ್ತಲಲ್ಲಿ ತೋಡಿಸಿದ್ವಿ. ಪೈಪ್ ಇಟ್ಟು ಸುತ್ತ ಹರಳುಪ್ಪು, ಇದ್ದಿಲು ತುಂಬಿ ಅಂತ ಮೂಟೆ ಇಳಿಸಿ ಹೋದ. ಆ ಮನೆಯಾಕೆ, ನಾನಿದ್ದೀನಲ್ಲ, ತುಂಬಿಸ್ತೀನಿ ಅಂದ್ಲು. ಅವನು ಮತ್ತೆ ಬಂದು ಅಳೆದ್ರೆ ಗುಂಡಿಗೆ ಜೀವವೇ ಇಲ್ಲ. ಅಗೆಸಿದ್ರೆ ಬರೀ ಮಣ್ಣು.

ಅದು ಉಪ್ಪಿನಕಾಯಿಗೆ ಅಪ್ಪೆಮಿಡಿ ಬರೋ ಕಾಲ. ನನಗೆ ಕೂಡ್ಲೇ ಹೊಳೀತು. ಸೀದಾ ಅವಳ ಅಡಿಗೆಮನೆಗೆ ನುಗ್ಗಿದೆ. ಮಾವಿನಮಿಡಿ ಭರಣಿಗಳು ಸಾಲಾಗಿ ಕೂತಿವೆ, ಮೂಲೇಲಿ ಅವಳ ಗಂಡ ಆ ಇದ್ದಿಲು ಹಾಕಿಕೊಂಡು ಅಂಗಿ ಇಸ್ತ್ರಿ ಮಾಡ್ತಿದ್ದಾನೆ. ಕೇಳಿದ್ರೆ, ಇಷ್ಟು ಒಳ್ಳೆ ಉಪ್ಪನ್ನ ಮಣ್ಣಿಗೆ ಹಾಕೋಕೆ ಕೈ ಬರ್ಲಿಲ್ಲ ಅಂದ್ಲು.

ನನ್ನ ಹಿಂದೇ ಬಂದ ಟೆಸ್ಟಿನವನು ಭರಣಿಗಳನ್ನೇ ನೋಡ್ತಾ ನಿಂತ. "ಇರ್ಲಿ ಬಿಡಿ. ಅರ್ತಿನ ವಯರ್ ತಂದು ಮಿಡಿ ಭರಣಿಗೇ ಕಟ್ತೀನಿ."

ಹೊಸ ಉಪ್ಪು ತರಿಸಿ, ಗುಂಡಿ ತುಂಬೋ ತನಕ ನಾನು ಅಲ್ಲಿಂದ ಏಳ್ಲಿಲ್ಲ.

ಆರದ ಬಲ್ಬು

ಉಳಿದದ್ದು ನಮ್ಮ ಪಕ್ಕದ ಕೊನೇ ಮನೆ. ಆ ಮನೆಯಾಕೆಯ ದೇವರ ಕೋಣೇಲಿ ಒಂದು ಕೆಂಪು ಬಲ್ಬು. ಅವಳ ಮನೆ ಫ್ಯೂಸ್ ಹೋದ್ರೂ ಅದು ಮಾತ್ರ ಉರೀತಿತ್ತು. ಹಗಲೂ ರಾತ್ರಿ. ಶೃಂಗೇರಿಗೆ ಹೊರಟ ಅವಳ ನೆಂಟರು ಮೊದಲು ಈ ಬಲ್ಬಿಗೆ ಕೈಮುಗಿದೇ ಬಸ್ ಹತ್ತೋದು. ಊರಿಗೇ ಕರೆಂಟ್ ಹೋದ್ರೆ ಅದೂ ಆರ್ತಿತ್ತು. ಆವಾಗ, ದೇವರು ಊರಿನ ಕಷ್ಟದಲ್ಲಿ ಸೇರ್ಕೊಳ್ತಾನೆ ಅಂತಿದ್ಲು. ನಾನೂ ಎಷ್ಟೋ ಸಲ ದಾಸವಾಳ ಕೊಟ್ಟು ಬಂದವಳೇ.

ಟೆಸ್ಟಿನವನು ಅವಳ ಮೇನ್ ಸ್ವಿಚ್ ಆಫ್ ಮಾಡಿದ. ಬಲ್ಬು ಉರೀತಿದೆ. ನೋಡಿದ್ಯಾ ಅನ್ನೋ ಹಾಗೆ ಅವಳು ನನ್ನ ಮುಖ ನೋಡಿದ್ಲು. ಅವನು ಜಗಲಿಗೆ ಬಂದು ನಮ್ಮ ಮನೆ ಮೇನ್ ಆಫ್ ಮಾಡಿದ. ದೇವರು ಕತ್ತಲಲ್ಲಿ.

ಅಟ್ಟ ಹತ್ತಿ ನೋಡಿದ್ರೆ, ಮನೆ ಒಂದೇ ಆಗಿದ್ದ ಕಾಲದ ವಯರು, ನಮ್ಮ ಅಡಿಗೆಮನೆಯಿಂದ ಗೋಡೆ ದಾಟಿ ಸೀದಾ ಅವಳ ದೇವರಿಗೆ. ಇಷ್ಟು ವರ್ಷ ಪವಾಡ ಅವಳದು, ಮೀಟರ್ ನನ್ನದು.

ಇದನ್ನ ಕತ್ತರಿಸದೆ ಎರಡೂ ಮನೆ ಪಾಸಾಗೋದಿಲ್ಲ ಅಂದ ಅವನು. ತನ್ನ ಅತ್ತೆ ಕಾಲದ ಬೆಳಕು, ಮುಟ್ಟೋಕೆ ಬಿಡೋದಿಲ್ಲ ಅಂತ ಅವಳು ದೇವರ ಕೋಣೆ ಹೊಸ್ತಿಲಿಗೆ ಅಡ್ಡ ಕೂತ್ಲು. ಮಿಷನ್ ಕೈತಪ್ಪೋದು ಕಣ್ಣಿಗೆ ಕಾಣ್ತಿತ್ತು. ನಾನೂ ಅವಳೆದುರಿಗೇ ಕೂತೆ. ಸಾಲುಮನೆಯವರೆಲ್ಲ ಬಂದು ನಿಂತ್ರು.

"ಬಲ್ಬು ತೆಗಿ ಅಂತ ಯಾರಂದ್ರು?" ಅಂದೆ. "ನಿನ್ನ ಮೀಟರಿಗೆ ಸೇರಿಸ್ಕೋ. ಹಗಲೂ ರಾತ್ರಿ ಉರೀಲಿ."

"ಅಲ್ಲ, ಬಿಲ್ಲು..." ಅಂದ್ಲು.

"ದೇವರಿಗಿಂತ ಬಿಲ್ಲು ದೊಡ್ಡದಾ?" ಅಂದೆ.

ಅಷ್ಟು ಜನರೆದುರು ಹೌದು ಅನ್ನೋಕಾಗ್ತದಾ? ಎದ್ಲು. ವಯರ್ ಬದಲಾಯ್ತು, ನಾಲ್ಕೂ ಮನೆ ಪಾಸ್, ನನ್ನ ಮಿಷನ್ ಬಂತು.

ಮಿಷನ್ ಶುರುವಾದ ವಾರ ಸಂಜೆ ಅವಳೇ ಅಕ್ಕಿ ಬೀಸೋಕೆ ತಂದ್ಲು. ಜಗಲಿಯಿಂದಲೇ ಅವಳ ದೇವರ ಕೋಣೆ ಕಡೆ ಇಣುಕಿದೆ, ಕತ್ತಲು. ಎಂತದು, ಬಲ್ಬು ಹೋಯ್ತಾ ಅಂತ ಕೇಳಿದೆ.

ಅವಳು ಡಬ್ಬಿ ನನ್ನ ಕೈಗೆ ಕೊಟ್ಲು. "ಹೋಗಿಲ್ಲ, ಆರಿಸಿ ಬಂದೆ," ಅಂದ್ಲು. "ಎಷ್ಟು ವರ್ಷ ಆಯ್ತು ಪಾಪ. ದೇವರಿಗೂ ನಿದ್ದೆ ಬೇಡ್ವೇನೇ?"